ಬೋರ್ಡ್: ಒಂದು ಹಲಗೆಯ ವಂಶಾವಳಿ

ಕಂಪನಿಯ ಬೋರ್ಡ್ ಸಭೆ ಸೇರುತ್ತದೆ. ವಿಮಾನ ಹತ್ತಲು ಬೋರ್ಡಿಂಗ್ ಪಾಸ್ ಬೇಕು. ಬೋರ್ಡಿಂಗ್ ಶಾಲೆಯೆಂದರೆ ಮಕ್ಕಳಿಗೆ ಊಟ, ವಸತಿ ಅಲ್ಲೇ. ಇನ್ನು ತರಗತಿಯ ಗೋಡೆಯ ಮೇಲಿನ ಬೋರ್ಡ್ ಬೇರೆಯೇ. ಒಂದಕ್ಕೊಂದು ನಂಟಿಲ್ಲದಂತೆ ಕಾಣುವ ಈ ಅರ್ಥಗಳನ್ನೆಲ್ಲ ಹಿಂದಕ್ಕೆ ಹಿಡಿದು ನಡೆದರೆ ಸಿಗುವುದು ಒಂದು ಮರದ ಹಲಗೆ.

ಹಳೆಯ ಇಂಗ್ಲಿಷಿನ ‘ಬೋರ್ಡ್’ಗೆ ಹಲಗೆ ಎಂದೇ ಅರ್ಥ. ಆ ಕಾಲದ ಕಾವ್ಯಗಳಲ್ಲಿ ಯೋಧನ ಗುರಾಣಿಗೂ ಅದೇ ಹೆಸರು, ಗುರಾಣಿಯನ್ನು ಹಲಗೆಯಿಂದಲೇ ಮಾಡುತ್ತಿದ್ದರಲ್ಲ. ಸಂಸ್ಕೃತದ ‘ಫಲಕ’ಕ್ಕೂ ಇವೇ ಎರಡು ಅರ್ಥಗಳಿವೆ. ದೂರದ ಎರಡು ನುಡಿಗಳು ಹೀಗೆ ಒಂದೇ ದಾರಿ ತುಳಿದದ್ದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಊಟದ ಹೊತ್ತಿಗೆ ಮರದ ಆನಿಕೆಗಳ ಮೇಲೆ ಉದ್ದನೆಯ ಹಲಗೆ ಹಾಸುತ್ತಿದ್ದರು, ಉಂಡೆದ್ದ ಮೇಲೆ ಎತ್ತಿಡುತ್ತಿದ್ದರು. ಹಲಗೆಯ ಹೆಸರು ಅದರ ಮೇಲಿನ ಊಟಕ್ಕೂ ಅಂಟಿತು, ಹಣ ಕೊಟ್ಟು ಉಣ್ಣುವವನು ‘ಬೋರ್ಡರ್’ ಆದ. ಮೇಜಿನ ಸುತ್ತ ಆಡಳಿತದ ಮಾತಿಗೆ ಕುಳಿತವರು 16ನೆಯ ಶತಮಾನದ ಹೊತ್ತಿಗೆ ತಾವೇ ‘ಬೋರ್ಡ್’ ಎನಿಸಿಕೊಂಡರು. ನಾವು ಅದನ್ನೇ ಮಂಡಳಿ ಎನ್ನುತ್ತೇವೆ. ಇಂಗ್ಲಿಷಿನ ಕಣ್ಣು ನಡುವಿನ ಮೇಜಿನ ಮೇಲೆ, ನಮ್ಮ ಪದದ ಕಣ್ಣು ಸುತ್ತ ಕುಳಿತವರ ವರ್ತುಲದ ಮೇಲೆ. ಕಬರ್ಡ್ ಕೂಡ ಮೊದಲು ಬಟ್ಟಲು ಜೋಡಿಸಿಡುವ ಮೇಜಾಗಿತ್ತು. ಬಾಗಿಲು ಬಂದದ್ದು ಆಮೇಲೆ.

ಹಡಗಿನ ಕಥೆ ತುಸು ಬೇರೆ. ಅಂಚು, ಬದಿ ಎಂಬ ಅರ್ಥದ ಇನ್ನೊಂದು ‘ಬೋರ್ಡ್’ ಇತ್ತು, ಎರಡೂ ಬಹಳ ಹಿಂದೆಯೇ ಬೆರೆತುಹೋದವು. ಹಡಗಿನ ಬದಿ ದಾಟಿ ಒಳಹೊಕ್ಕವನು ‘ಆನ್ ಬೋರ್ಡ್’. ರೈಲು, ವಿಮಾನಗಳು ಈ ಮಾತನ್ನು ಹಡಗಿನಿಂದಲೇ ಪಡೆದವು. ಚುಕ್ಕಾಣಿಯನ್ನು ಹಿಂಬದಿಯ ನಡುವೆ ಜೋಡಿಸುವ ರೂಢಿ ಬರುವ ಮೊದಲು, ಅಗಲವಾದ ಹುಟ್ಟೊಂದನ್ನು ಬಲಬದಿಗೆ ಬಿಗಿದು ಹಡಗನ್ನು ತಿರುಗಿಸುತ್ತಿದ್ದರು. ಅದರಿಂದ ಬಲಬದಿ ‘ಸ್ಟಾರ್‌ಬೋರ್ಡ್’ ಆಯಿತು. ಇಲ್ಲಿನ ‘ಸ್ಟಾರ್’ ನಕ್ಷತ್ರವಲ್ಲ, ಚುಕ್ಕಾಣಿ ನಡೆಸುವುದನ್ನು ಹೇಳುವ ‘ಸ್ಟಿಯರ್’. ಹುಟ್ಟು ಕಟ್ಟೆಗೆ ತಾಗಿ ಮುರಿಯದಿರಲೆಂದು ಎಡಬದಿಯನ್ನೇ ದಡಕ್ಕೆ ಒಡ್ಡುತ್ತಿದ್ದರು. ಆ ಬದಿಯ ಹೆಸರು ‘ಲಾರ್‌ಬೋರ್ಡ್’. ಗಾಳಿಯ ಅಬ್ಬರದಲ್ಲಿ ಕೂಗಿ ಹೇಳಿದರೆ ಯಾವುದು ಎಡ, ಯಾವುದು ಬಲ ಎಂದು ತಿಳಿಯುವುದೇ ಕಷ್ಟ. 1844ರಲ್ಲಿ ಬ್ರಿಟಿಷ್ ನೌಕಾಪಡೆ ಎಡಬದಿಯನ್ನು ‘ಪೋರ್ಟ್’ ಎಂದೇ ಕರೆಯಬೇಕೆಂದು ಆಜ್ಞೆ ಹೊರಡಿಸಿತು. ಎಡಬದಿಯ ಹೆಸರಿನಿಂದ ಬೋರ್ಡ್ ಬಿದ್ದುಹೋಯಿತು, ಬಲಬದಿಯಲ್ಲಿ ಇಂದಿಗೂ ಉಳಿದಿದೆ.