ಕ್ರಾಫ್ಟಿಂಗ್ ಅಂದರೆ ಮಾಡಿಕೊಳ್ಳುವುದು

ಮೈನ್‌ಕ್ರಾಫ್ಟ್ ಎಂಬ ವಿಡಿಯೋ ಗೇಮ್ ಆಡುವ ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು ‘ಕ್ರಾಫ್ಟ್’. “ಬೆಡ್ ಕ್ರಾಫ್ಟ್ ಮಾಡ್ಕೊಂಡ್ಯಾ?”, “ಇದನ್ನ ಕ್ರಾಫ್ಟ್ ಮಾಡೋಕೆ ಏನೇನ್ ಬೇಕು?” ನಿಘಂಟು ತೆಗೆದರೆ ಕರಕುಶಲ, ಕೈಕಸುಬು ಎಂಬ ಅರ್ಥ ಸಿಗುತ್ತದೆ. ಆಟದ ಕ್ರಾಫ್ಟಿಂಗ್‌ಗೆ ಅದು ಅರ್ಧ ಮಾತ್ರ ಹೊಂದುತ್ತದೆ. ಹುಡುಕಿ ತಂದ ಕಚ್ಚಾ ಸಾಮಾನನ್ನು ಗೊತ್ತಾದ ಲೆಕ್ಕದಲ್ಲಿ ಸೇರಿಸಿ, ಬದುಕುಳಿಯಲು ಬೇಕಾದ ಇನ್ನೊಂದು ವಸ್ತುವನ್ನು ಮಾಡಿಕೊಳ್ಳುವುದು ಕ್ರಾಫ್ಟಿಂಗ್.

‘ಮಾಡಿಕೊಳ್ಳುವುದು’ ಎಂದು ಬೇಕೆಂದೇ ಬರೆದೆ. ‘ಅಡುಗೆ ಮಾಡಿದ’ ಅನ್ನುವುದಕ್ಕೂ ‘ಅಡುಗೆ ಮಾಡಿಕೊಂಡ’ ಅನ್ನುವುದಕ್ಕೂ ಇರುವ ವ್ಯತ್ಯಾಸ ಯಾವ ಕನ್ನಡಿಗನಿಗೂ ಗೊತ್ತು. ಎರಡನೆಯದರಲ್ಲಿ ಬೇಯಿಸಿದವನೇ ಉಣ್ಣುವವನು. ಬದುಕುಳಿಯುವುದೇ ಗುರಿಯಾದ ಸರ್ವೈವಲ್ ಆಟಗಳ ಬುನಾದಿಯೇ ಈ ‘ಕೊಳ್ಳು’. ಬರಿಗೈಯಲ್ಲಿ ಕಾಡಿನಲ್ಲೋ ಬಯಲಿನಲ್ಲೋ ಕಣ್ಣು ಬಿಡುತ್ತೀರಿ. ಕೊಡುವವರಿಲ್ಲ, ಹೊತ್ತು ಮುಳುಗುತ್ತಿದೆ, ಹೊಟ್ಟೆ ಎಷ್ಟು ತುಂಬಿದೆ ಎಂದು ತೋರಿಸುವ ಪಟ್ಟಿ ಇಳಿಯುತ್ತಿದೆ. ಬೇಕಾದದ್ದನ್ನು ನೀವೇ ಮಾಡಿಕೊಳ್ಳಬೇಕು.

ಮೈನ್‌ಕ್ರಾಫ್ಟಿನ ಮೊದಲ ಹತ್ತು ನಿಮಿಷ ನೋಡಿ. ಅಲ್ಲಿ ಹಗಲು ಇರುವುದೇ ಅಷ್ಟು. ಹಗಲು ರಾತ್ರಿ ಸೇರಿ ಒಂದು ದಿನಕ್ಕೆ ನಮ್ಮ ಇಪ್ಪತ್ತು ನಿಮಿಷ. ಮರಕ್ಕೆ ಬರಿಗೈಯಲ್ಲಿ ಗುದ್ದಿದರೆ ದಿಮ್ಮಿ ಸಿಗುತ್ತದೆ. ಒಂದು ದಿಮ್ಮಿಗೆ ನಾಲ್ಕು ಹಲಗೆ. ಎರಡು ಹಲಗೆಯನ್ನು ಒಂದರ ಮೇಲೊಂದು ಇಟ್ಟರೆ ನಾಲ್ಕು ಕಡ್ಡಿ. ಇಷ್ಟನ್ನು ನಿಮ್ಮ ಜೊತೆಗೇ ಇರುವ ಎರಡು ಸಾಲು, ಎರಡು ಕಂಬದ ಚಿಕ್ಕ ಚೌಕದಲ್ಲಿ ಮಾಡಬಹುದು. ಅದೇ ಚೌಕದ ನಾಲ್ಕೂ ಮನೆಗೆ ಒಂದೊಂದು ಹಲಗೆ ತುಂಬಿದರೆ ಕ್ರಾಫ್ಟಿಂಗ್ ಟೇಬಲ್ ಬರುತ್ತದೆ. ಆ ಮೇಜಿನ ಮೇಲಿರುವುದು ಒಂಬತ್ತು ಮನೆಯ ದೊಡ್ಡ ಚೌಕ. ಹತ್ಯಾರುಗಳೆಲ್ಲ ಹುಟ್ಟುವುದು ಇಲ್ಲಿ.

ನನಗೆ ಅತ್ಯಂತ ಇಷ್ಟವಾಗುವುದು ಈ ಒಂಬತ್ತು ಮನೆ. ಸಾಮಾನು ಎಷ್ಟಿದೆ ಅನ್ನುವುದರ ಜೊತೆಗೆ ಯಾವುದು ಎಲ್ಲಿದೆ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮೇಲಿನ ಸಾಲಿನಲ್ಲಿ ಮೂರು ಹಲಗೆ, ನಡುವೆ ಕೆಳಮುಖವಾಗಿ ಎರಡು ಕಡ್ಡಿ ಇಟ್ಟು ದೂರದಿಂದ ನೋಡಿ: ಪಿಕಾಸಿಯ ಚಿತ್ರವೇ ಬರೆದಂತಿದೆ, ಕಾವು ಸಮೇತ. ಒಂದು ಹಲಗೆಯ ಕೆಳಗೆ ಎರಡು ಕಡ್ಡಿ ಇಟ್ಟರೆ ಸಲಿಕೆ. ಎರಡು ಹಲಗೆಯ ಕೆಳಗೆ ಒಂದು ಕಡ್ಡಿ ಇಟ್ಟರೆ ಕತ್ತಿ. ನಡುಮನೆ ಖಾಲಿ ಬಿಟ್ಟು ಸುತ್ತ ಎಂಟು ಹಲಗೆ ಇಟ್ಟರೆ ಪೆಟ್ಟಿಗೆ, ಎಂಟು ಕಲ್ಲು ಇಟ್ಟರೆ ಕುಲುಮೆ. ಮೂರು ಗೋಧಿ ಅಡ್ಡಸಾಲಿಗೆ ಇಟ್ಟರೆ ಬ್ರೆಡ್. ಈ ಜೋಡಣೆಗೆ ಆಡುವವರು ಹೇಳುವುದು ‘ರೆಸಿಪಿ’ ಅಂತ. ಬಾಯಿಪಾಠ ಮಾಡುವ ಅಗತ್ಯವಿಲ್ಲದ ರೆಸಿಪಿ ಇದು, ವಸ್ತುವಿನ ಆಕಾರ ನೆನಪಿದ್ದರೆ ಸಾಕು. 2017ರಲ್ಲಿ ರೆಸಿಪಿ ಪುಸ್ತಕವನ್ನು ಆಟದೊಳಗೇ ಸೇರಿಸಿದರು. ಅದಕ್ಕೂ ಮುಂಚೆ ಆಡಿದವರು ಒಬ್ಬರಿಂದೊಬ್ಬರು ಕೇಳಿ, ಇಟ್ಟು ನೋಡಿ, ತಪ್ಪಿ, ಮತ್ತೆ ಇಟ್ಟು ಕಲಿತವರು.

ಆದರೆ ಚೌಕ ತುಂಬಿಸಲು ಬಂದ ಮಾತ್ರಕ್ಕೆ ಪದದ ಪೂರ್ತಿ ಅರ್ಥ ತಿಳಿಯುವುದಿಲ್ಲ. ಅಕ್ಕನ ಮಗಳಿಗೆ ಹೇಳಿಕೊಡುವಾಗ ಅದು ನನಗೇ ಸ್ಪಷ್ಟವಾಯಿತು. ಮರದ ಪಿಕಾಸಿ ಸಿಕ್ಕಿದ್ದೇ ತಡ, ಗುಡ್ಡದ ಬದಿಯಲ್ಲಿ ಕಂಡ ಕಬ್ಬಿಣದ ಅದಿರಿಗೆ ಹೊಡೆಯಲು ಶುರುಮಾಡಿದಳು. ಬಹಳ ಹೊತ್ತು ಹೊಡೆದಳು. ಕೊನೆಗೆ ಕಲ್ಲು ಒಡೆದು ಮಾಯವಾಯಿತು.

“ಮಾಮ, ಒಡೀತು. ಆದ್ರೆ ಏನೂ ಬೀಳ್ಲೇ ಇಲ್ಲ!”

“ಮರದ್ರಲ್ಲಿ ಕಬ್ಬಿಣ ಸಿಗಲ್ಲ ಪುಟ್ಟಿ. ಮೊದ್ಲು ಬರೀ ಕಲ್ಲು ಒಡಿ. ಆ ಕಲ್ಲಲ್ಲಿ ಇನ್ನೊಂದು ಪಿಕಾಸಿ ಮಾಡ್ಕೊ.”

ಅವಳ ಮುಖ ಬಾಡಿತು. ಕಳೆದುಹೋದ ಅದಿರು ತಿರುಗಿ ಬರಲಿಲ್ಲ. ಇನ್ನೊಂದು ಸಿಗಲು ಗವಿಯೊಳಗೆ ತುಂಬ ದೂರ ಇಳಿಯಬೇಕಾಯಿತು, ಈ ಸಲ ಕಲ್ಲಿನ ಪಿಕಾಸಿ ಹಿಡಿದು. ಮರದ ಪಿಕಾಸಿ ಕಲ್ಲನ್ನು ಕೊಡುತ್ತದೆ, ಕಲ್ಲಿನದು ಕಬ್ಬಿಣವನ್ನು, ಕಬ್ಬಿಣದ್ದು ವಜ್ರವನ್ನು, ವಜ್ರದ್ದು ಅಬ್ಸಿಡಿಯನ್ ಎಂಬ ಕಪ್ಪು ಗಾಜುಗಲ್ಲನ್ನು. ಮಾಡಿಕೊಂಡ ಪ್ರತಿಯೊಂದು ವಸ್ತುವೂ ಮುಂದಿನ ಬಾಗಿಲಿನ ಬೀಗದಕೈ. ಹತ್ಯಾರು ಸವೆಯುತ್ತದೆ ಕೂಡ: ಮರದ ಪಿಕಾಸಿಯ ಆಯಸ್ಸು 59 ಕಲ್ಲು, ಕಬ್ಬಿಣದ್ದು 250, ವಜ್ರದ್ದು 1561. ಹೀಗೆ ಹೆಜ್ಜೆಯ ಮೇಲೆ ಹೆಜ್ಜೆ ಕಟ್ಟಿಕೊಂಡು ಹೋಗುವ ಸರಪಳಿಯೇ ಕ್ರಾಫ್ಟಿಂಗ್‌ನ ಜೀವ ಎಂದು ನಾನು ನಂಬಿದ್ದೇನೆ.

ಬೇರೆ ಆಟಗಳಲ್ಲಿ ಚೌಕ ಇಲ್ಲದಿರಬಹುದು, ಸರಪಳಿ ಮಾತ್ರ ಇದ್ದೇ ಇರುತ್ತದೆ. ‘ಡೋಂಟ್ ಸ್ಟಾರ್ವ್’ನಲ್ಲಿ ಸಾಮಾನು ಆರಿಸಿಕೊಳ್ಳುವುದು ಪಟ್ಟಿಯಿಂದ, ಹಲವು ವಸ್ತುಗಳನ್ನು ಮೊದಲ ಸಲ ಸೈನ್ಸ್ ಮಷಿನ್‌ನಂಥ ಯಂತ್ರದ ಪಕ್ಕ ನಿಂತೇ ಮಾಡಬೇಕು, ಆಮೇಲೆ ಎಲ್ಲಿ ಬೇಕಾದರೂ ಆದೀತು. 2021ರಲ್ಲಿ ಬಂದ ‘ವಾಲ್‌ಹೈಮ್’ನಲ್ಲಿ ಕೆಲಸದ ಮೇಜಿಗೆ ಸೂರು ಬೇಕು, ಸೂರಿಲ್ಲದಿದ್ದರೆ ಮೇಜು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಮೊದಲ ಪಿಕಾಸಿಗೆ ಬೇಕಾದ ಕೊಂಬು ಸಿಗುವುದು ದೈತ್ಯ ಜಿಂಕೆಯೊಂದನ್ನು ಸೋಲಿಸಿದ ಮೇಲೆ.

ಈ ಪದದ ಪಕ್ಕದಲ್ಲೇ ಓಡಾಡುವ ಇನ್ನೆರಡು ಮಾತುಗಳಿವೆ, ಗೊಂದಲ ಬೇಡ. ಗೋಡೆ, ಸೂರು, ಸೇತುವೆ ಎಬ್ಬಿಸುವುದು ಬಿಲ್ಡಿಂಗ್, ನಮ್ಮ ‘ಕಟ್ಟುವುದು’. 2009ರ ಮೇ ತಿಂಗಳಲ್ಲಿ ಸ್ವೀಡನ್ನಿನ ಮಾರ್ಕಸ್ ಪರ್ಸನ್ ಮೈನ್‌ಕ್ರಾಫ್ಟನ್ನು ಮೊದಲು ಹೊರಬಿಟ್ಟಾಗ ಇದ್ದದ್ದು ಅದೊಂದೇ: ಇಟ್ಟಿಗೆಗಳನ್ನು ಒಡೆಯುವುದು, ಇಡುವುದು. ಕ್ರಾಫ್ಟಿಂಗ್ ಸೇರಿದ್ದು 2010ರ ಆರಂಭದಲ್ಲಿ. ಇಂದಿಗೂ ಕ್ರಿಯೇಟಿವ್ ಮೋಡ್‌ನಲ್ಲಿ ಎಲ್ಲ ಸಾಮಾನೂ ಪುಕ್ಕಟೆಯಾಗಿ ಸಿಗುವುದರಿಂದ ಅಲ್ಲಿ ಕಟ್ಟುವುದಷ್ಟೇ ಕೆಲಸ.

ಇನ್ನೊಂದು ಸ್ಮೆಲ್ಟಿಂಗ್, ಕುಲುಮೆಯಲ್ಲಿ ಕಾಯಿಸಿ ತೆಗೆಯುವುದು. ಅದಿರು ಕಬ್ಬಿಣದ ಗಟ್ಟಿಯಾಗುವುದು, ಹಸಿ ಮಾಂಸ ಬೇಯುವುದು ಇದರಲ್ಲಿ. ಕ್ರಾಫ್ಟಿಂಗ್ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಆಗುತ್ತದೆ. ಸ್ಮೆಲ್ಟಿಂಗ್‌ಗೆ ಸೌದೆಯೂ ಬೇಕು, ಕಾಯುವ ತಾಳ್ಮೆಯೂ ಬೇಕು. ಮೊದಲ ರಾತ್ರಿ ಪಂಜಿಗೆ ಬೇಕಾದ ಕಲ್ಲಿದ್ದಲು ಸಿಗದೆ ಕತ್ತಲಲ್ಲಿ ಕೂರುವವರು ಬಹಳ ಮಂದಿ. ಅವರಿಗೆ ಕುಲುಮೆಯೇ ದಾರಿ: ಹಲಗೆಯನ್ನು ಉರಿಗೆ ಹಾಕಿ ದಿಮ್ಮಿಯನ್ನು ಸುಟ್ಟರೆ ಇದ್ದಿಲು ಬರುತ್ತದೆ, ಒಂದು ಇದ್ದಿಲು ಒಂದು ಕಡ್ಡಿ ಸೇರಿದರೆ ನಾಲ್ಕು ಪಂಜು.