ಹಿತ್ತಲಿನ ಒಂದು ಭಾಗದಲ್ಲಿ ಕೋಳಿ ಬಿಡಲು ಯಾವ ಬೇಲಿ ಸೂಕ್ತ?

ಪ್ರಶ್ನೆ: ನಮ್ಮ ಹಿತ್ತಲಿನಲ್ಲಿ ಎಂಟು ನಾಟಿ ಕೋಳಿಗಳಿವೆ. ಹೊರಗೆ ಬಿಟ್ಟರೆ ಹರಿವೆ, ಮೆಂತ್ಯದ ಮಡಿಗಳನ್ನೆಲ್ಲ ಕೆದರಿ ಹಾಳುಮಾಡುತ್ತವೆ. ದಿನವಿಡೀ ಗೂಡಿನಲ್ಲಿ ಕೂಡಿಹಾಕಲು ಮನಸ್ಸು ಒಪ್ಪುವುದಿಲ್ಲ. ಹಿತ್ತಲಿನ ಒಂದು ಬದಿಯನ್ನು ಅವುಗಳಿಗೇ ಬಿಟ್ಟು ಬೇಲಿ ಹಾಕಬೇಕೆಂದಿದ್ದೇವೆ. ಯಾವ ಜಾಲರಿ ತರಬೇಕು, ಎಷ್ಟು ಎತ್ತರ ಇರಬೇಕು?

ಉತ್ತರ: ಜಾಲರಿ ಕೊಳ್ಳುವ ಮೊದಲು, ಬೇಲಿ ತಡೆಯಬೇಕಾದದ್ದು ಒಳಗಿನ ಕೋಳಿಯನ್ನೋ ಹೊರಗಿನ ನಾಯಿಯನ್ನೋ ಎಂಬುದನ್ನು ನಿರ್ಧರಿಸಿಕೊಳ್ಳಿ. ಕೋಳಿಯನ್ನು ತಡೆಯಲು ಹಗುರವಾದ ಬಲೆಯೂ ಸಾಕು. ನಾಯಿಯನ್ನು ತಡೆಯಲು ಸಾಲದು. ಹಿತ್ತಲಿಗೆ ಗಟ್ಟಿಯಾದ ಕಾಂಪೌಂಡ್ ಗೋಡೆ ಇದ್ದರೆ ನಿಮ್ಮ ಖರ್ಚು ಬಹಳ ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೇಳಿದರೆ ಆರು ಮೂಲೆಯ ಕಣ್ಣುಗಳಿರುವ ತೆಳು ತಂತಿಯ ಸುರುಳಿಯನ್ನು ಕೊಡುತ್ತಾರೆ. ನಾವೂ ಮೊದಲು ಹಾಕಿದ್ದು ಇದನ್ನೇ. ಎರಡನೆಯ ಮಳೆಗಾಲದ ಹೊತ್ತಿಗೆ ಮಣ್ಣಿಗೆ ತಾಗಿದ್ದ ಅಂಚು ತುಕ್ಕು ಹಿಡಿದಿತ್ತು. ಒಂದು ಮಧ್ಯಾಹ್ನ ಬೀದಿನಾಯಿಯೊಂದು ಮೂಲೆಗೂಟದ ಪಕ್ಕದಲ್ಲಿ ಮೂತಿ ತೂರಿಸಿ ತಳ್ಳಿದಾಗ ತಂತಿಯ ಹೆಣಿಗೆ ಸರಸರನೆ ಬಿಚ್ಚಿಕೊಂಡು, ಎರಡು ಹೇಂಟೆಗಳನ್ನು ಕಳೆದುಕೊಂಡೆವು. ಆದ್ದರಿಂದ ನಾಯಿಗಳ ಓಡಾಟವಿರುವ ಕಡೆ ಈ ಜಾಲರಿಯೊಂದನ್ನೇ ನಂಬಬೇಡಿ. ಚೈನ್ ಲಿಂಕ್ ಬೇಲಿ ನಾಯಿಯನ್ನು ತಡೆಯುತ್ತದೆಯಾದರೂ ಅದರ ಕಣ್ಣು ಸಾಮಾನ್ಯವಾಗಿ 2 ಇಂಚಿನಷ್ಟಿರುವುದರಿಂದ ಮರಿಗಳು ಸಲೀಸಾಗಿ ನುಸುಳಿ ಹೊರಬರುತ್ತವೆ.

ನನ್ನ ಸಲಹೆ ಗಟ್ಟಿ ಜಾಲರಿ, ಹಗುರ ಬಲೆ ಎರಡನ್ನೂ ಸೇರಿಸಿದ ಬೇಲಿ. ನೆಲದಿಂದ 3 ಅಡಿಯವರೆಗೆ 1 ಇಂಚು ಕಣ್ಣಿನ, ಸತು ಲೇಪಿಸಿದ (ಗ್ಯಾಲ್ವನೈಸ್ಡ್) ವೆಲ್ಡ್ ಮೆಶ್, ಅಂದರೆ ತಂತಿಗಳನ್ನು ಹೆಣೆಯದೆ ಬೆಸೆದು ಮಾಡಿದ ಜಾಲರಿ. ಅದರ ಮೇಲೆ ಇನ್ನು 3 ಅಡಿ ನೈಲಾನ್ ಬಲೆ. ಮರಿಗಳಿದ್ದರೆ ಕೆಳಗಿನ ಒಂದು ಅಡಿಗೆ ಅರ್ಧ ಇಂಚು ಕಣ್ಣಿನದನ್ನು ಒಳಗಿನಿಂದ ಕಟ್ಟಿ. ತಂತಿಯ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳುವಾಗುತ್ತದೆ ಎಂಬುದನ್ನು ಕೊಳ್ಳುವಾಗ ಮರೆಯಬೇಡಿ. 20 ಗೇಜ್‌ಗಿಂತ 16 ಗೇಜ್ ಗಟ್ಟಿ. ಬಲೆಯನ್ನು ಮಾತ್ರ ಯಾವ ಕಾರಣಕ್ಕೂ ನೆಲಕ್ಕೆ ತಾಗುವಂತೆ ಇಳಿಬಿಡಬೇಡಿ. ಇಲಿ ಹುಡುಕಿಕೊಂಡು ಬರುವ ಕೇರೆ ಹಾವು ಅದರಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಳ್ಳಲಾಗದೆ ನರಳಿ ಸಾಯುತ್ತದೆ.

ಎತ್ತರದ ಪ್ರಶ್ನೆಗೆ ಉತ್ತರ ಕೋಳಿಯ ತಳಿಯಲ್ಲಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂತಹ ಭಾರವಾದ ಕೋಳಿಗಳಿಗೆ 4 ಅಡಿ ಬಹುಮಟ್ಟಿಗೆ ಸಾಕಾಗುತ್ತದೆ. ಮೈ ಹಗುರವಾಗಿರುವ, ಸಂಜೆಯಾದರೆ ಮರವೇರಿ ಕೂರುವ ನಾಟಿ ಕೋಳಿಗೆ 6 ಅಡಿ ಬೇಕು. ಬೇಲಿ ಹಾರಲು ಹೊರಟ ಹೇಂಟೆಯನ್ನು ಒಮ್ಮೆ ಗಮನಿಸಿ ನೋಡಿ: ಬುಡದಲ್ಲಿ ನಿಂತು, ಕತ್ತು ಓರೆಮಾಡಿ ಮೇಲಂಚನ್ನು ನೋಡುತ್ತದೆ, ಕುಕ್ಕರಿಸಿ ಅಳತೆ ಹಾಕುತ್ತದೆ, ಆಮೇಲೆ ಜಿಗಿಯುತ್ತದೆ. ಹೆಚ್ಚಿನ ಸಲ ಅದು ಬೇಲಿಯನ್ನು ಒಂದೇ ಏಟಿಗೆ ದಾಟುವುದಿಲ್ಲ. ಮೇಲಂಚಿನ ಮೇಲೆ ಕುಳಿತು ಆಚೆ ಇಳಿಯುತ್ತದೆ. ಆದ್ದರಿಂದ ಮೇಲೆ ಬಿದಿರಿನ ಅಡ್ಡಪಟ್ಟಿ ಕಟ್ಟದೆ ಬಲೆಯ ಅಂಚನ್ನು ಸ್ವಲ್ಪ ಸಡಿಲವಾಗಿಯೇ ಬಿಡಿ. ಕಾಲೂರಲು ಗಟ್ಟಿ ಜಾಗ ಕಾಣದಿದ್ದರೆ ಬಹಳಷ್ಟು ಕೋಳಿಗಳು ಪ್ರಯತ್ನವನ್ನೇ ಬಿಡುತ್ತವೆ. ಆದರೂ ಹಾರುವ ಒಂದೆರಡರ ಒಂದು ರೆಕ್ಕೆಯ ಉದ್ದ ಗರಿಗಳ ತುದಿಯನ್ನಷ್ಟೇ ಕತ್ತರಿಸಬಹುದು. ಎರಡೂ ಕಡೆ ಕತ್ತರಿಸಿದರೆ ತೂಕ ಸಮನಾಗಿ ಮತ್ತೆ ಹಾರಬಲ್ಲವು. ಬುಡ ಕಪ್ಪಾಗಿ ಕಾಣುವ ಎಳೆಯ ಗರಿಯಲ್ಲಿ ರಕ್ತ ಹರಿಯುತ್ತಿರುತ್ತದೆ, ಅದನ್ನು ಮುಟ್ಟಬಾರದು. ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕಾಗುತ್ತದೆ.

ಮುಂಗುಸಿ ಮತ್ತು ನಾಯಿ ಬೇಲಿಯ ಬುಡವನ್ನೇ ತೋಡುತ್ತವೆ. ಒಂದೂವರೆ ಅಡಿ ಅಗಲದ ಮೆಶ್ ಪಟ್ಟಿಯನ್ನು ಬೇಲಿಯ ಬುಡದಿಂದ ಹೊರಕ್ಕೆ ನೆಲದ ಮೇಲೆ ಹಾಸಿ, ಬೇಲಿಗೆ ಕಟ್ಟಿ, ಮೇಲೆ ಮಣ್ಣು ಮುಚ್ಚಿದರೆ ತೋಡುವ ಪ್ರಾಣಿಯ ಉಗುರಿಗೆ ತಂತಿ ಸಿಗುತ್ತದೆ. ಕಂಬಗಳು 8 ಅಡಿಗೊಂದು ಇರಲಿ, ಮೂಲೆಯವಕ್ಕೆ ಓರೆಯಾಗಿ ಆಸರೆ ಕೊಡಿ. ಬಾಗಿಲು ಒಳಕ್ಕೆ ತೆರೆಯುವಂತಿರಲಿ, ಅದರ ಕೆಳಗಿನ ಸಂದಿಗೆ ಕಲ್ಲಿನ ಹೊಸ್ತಿಲು ಕೂರಿಸಿ. ಎಷ್ಟೇ ಗಟ್ಟಿ ಬೇಲಿ ಇದ್ದರೂ ಅದು ಹಗಲಿನ ಕಾವಲು ಮಾತ್ರ. ಕಾಡುಬೆಕ್ಕು ಬೇಲಿ ಹತ್ತಿ ಬರುತ್ತದೆ, ಆದ್ದರಿಂದ ಕತ್ತಲಾಗುವ ಮೊದಲು ಕೋಳಿಗಳನ್ನು ಗೂಡಿಗೆ ಸೇರಿಸಿ ಅಗುಳಿ ಹಾಕಲೇಬೇಕು.

ಇನ್ನು ಜಾಗದ ಮಾತು. ಕೋಳಿಯೊಂದಕ್ಕೆ 10 ಚದರ ಅಡಿ ಕನಿಷ್ಠ, ಆದರೆ ಅಷ್ಟರಲ್ಲಿ ಹುಲ್ಲು ಉಳಿಯುವುದಿಲ್ಲ. ಕೆಲವೇ ವಾರಗಳಲ್ಲಿ ನೆಲ ಬೋಳಾಗಿ, ಮಳೆ ಬಂದರೆ ಕೆಸರಾಗುತ್ತದೆ. ಸಾಧ್ಯವಾದರೆ ದೊಡ್ಡ ಜಾಗವನ್ನೇ ಸುತ್ತುವರಿದು, ನಡುವೆ ಬರೀ ಬಲೆಯಿಂದ ಎರಡು ಪಾಲು ಮಾಡಿ. ಒಂದು ಪಾಲಿನಲ್ಲಿ ಕೋಳಿ ಮೇಯುತ್ತಿರಲಿ, ಇನ್ನೊಂದರಲ್ಲಿ ಹುಲ್ಲು ಚಿಗುರಿ ಗೇಣುದ್ದ ಬಂದ ಮೇಲೆ ಅವುಗಳನ್ನು ಅತ್ತ ಬಿಡಿ.