ಪ್ರೆಸ್ ಒಡೆಯುವುದು ಹಿಂದಿನ ಸಾಲಿನಲ್ಲಿ

ಕಳೆದ ಭಾನುವಾರ ಆಟ ಮುಗಿದ ಮೇಲೆ, ನಾನು ಫುಟ್ಬಾಲ್ ಕೋಚ್ ಆಗಿರುವ ಕಿರಿಯರ ತಂಡದ ಹುಡುಗನೊಬ್ಬನ ಅಪ್ಪ ಹತ್ತಿರ ಬಂದರು. ಹಾಸನದ ಕಡೆಯವರು. ಮೆಲ್ಬರ್ನ್‌ಗೆ ಬಂದು ನಾಲ್ಕು ವರ್ಷ ಆಗಿದೆ. "ಸರ್, ಮೂರನೇ ಕ್ವಾರ್ಟರ್‌ನಲ್ಲಿ ನನ್ನ ಮಗ ಒಂದು ಸಲವೂ ಚೆಂಡು ಮುಟ್ಟಲಿಲ್ಲ. ಸುಮ್ನೆ ಓಡಾಡ್ತಿದ್ದ. ಅವನನ್ನ ಯಾಕೆ ಹೊರಗೆ ಕರೀಲಿಲ್ಲ?" ಎಂದು ಕೇಳಿದರು.

"ಆ ಕ್ವಾರ್ಟರ್‌ನಲ್ಲಿ ನಾವು ಮೂರು ಗೋಲು ಹೊಡೆದೆವಲ್ಲ ಸರ್, ಅದರಲ್ಲಿ ಎರಡು ಬಂದಿದ್ದೇ ಅವನ ಓಟದಿಂದ" ಎಂದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಆ ಓಟ 'ಪ್ರೆಸ್' ಎಂಬ ತಂತ್ರದ ಭಾಗ. ಅವರಿಗೆ ನಿಂತಲ್ಲೇ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್‌ನಲ್ಲಿ ಒಂದು ಕಡೆಗೆ 18 ಜನ. ಮೈದಾನ ಮೊಟ್ಟೆಯಾಕಾರ, ಕ್ರಿಕೆಟ್ ಮೈದಾನವೇ. ಆಫ್‌ಸೈಡ್ ನಿಯಮ ಇಲ್ಲ. ಅಂದರೆ ಆಟ ನಡೆಯುತ್ತಿರುವಾಗ ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು. ಪ್ರೆಸ್ ಹುಟ್ಟಿದ್ದೇ ಈ ಸ್ವಾತಂತ್ರ್ಯದಿಂದ. ಎದುರಾಳಿಯ ಕೈಯಲ್ಲಿ ಚೆಂಡು ಅವರದೇ ಗೋಲಿನ ಹತ್ತಿರ ಇದ್ದಾಗ ನಾವು ಹಿಂದೆ ಓಡಿಹೋಗಿ ಕಾಯುವುದಿಲ್ಲ. ಇಡೀ ತಂಡ ಮುಂದಕ್ಕೆ ಬಂದು ಚೆಂಡನ್ನು ಅಲ್ಲೇ ಕಟ್ಟಿಹಾಕುತ್ತದೆ.

ಇದು ಚೆನ್ನಾಗಿ ಕಾಣುವುದು ಕಿಕ್-ಇನ್ ಹೊತ್ತಿನಲ್ಲಿ. ನಮ್ಮ ಹೊಡೆತ ಗೋಲು ತಪ್ಪಿ ಪಕ್ಕದ ಕಂಬಗಳ ನಡುವೆ ಹೋದರೆ 6ರ ಬದಲು 1 ಅಂಕ ಸಿಗುತ್ತದೆ. ಆಮೇಲೆ ಅವರ ಆಟಗಾರ ಗೋಲಿನ ಮುಂದಿನ ಚೌಕದಿಂದ ಚೆಂಡನ್ನು ಆಟಕ್ಕೆ ತರಬೇಕು. ಆಗ ನಾವು ಸುಮಾರು ಮೂರು ಸಾಲಾಗಿ ನಿಲ್ಲುತ್ತೇವೆ. ಮೊದಲ ಸಾಲು ಹತ್ತಿರದ ಪಾಸ್‌ಗಳನ್ನು ಮುಚ್ಚುತ್ತದೆ. ಎರಡನೆಯದು ಉದ್ದದ ಕಿಕ್ ಬೀಳುವ ಜಾಗದಲ್ಲಿರುತ್ತದೆ. ಮೂರನೆಯದು ಅದರ ಹಿಂದೆ, ತಲೆ ಮೇಲೆ ಹಾರಿ ಬಂದದ್ದನ್ನು ಹಿಡಿಯಲು. ನಡುಮೈದಾನದ ದಾರಿ ಪೂರ್ತಿ ಬಂದ್. ಬೌಂಡರಿ ಗೆರೆಯ ಕಡೆ ಮಾತ್ರ ಸ್ವಲ್ಪ ಜಾಗ ಬಿಡುತ್ತೇವೆ, ಬೇಕಂತಲೇ. ಗೆರೆಯ ಪಕ್ಕ ಚೆಂಡು ಹಿಡಿದವನಿಗೆ ಒಂದೇ ಕಡೆ ದಾರಿ. ಇನ್ನೊಂದು ಕಡೆ ಗೆರೆಯೇ ನಮ್ಮ ಪರ ಆಡುತ್ತದೆ.

ಸಾಲುಗಳ ನಡುವೆ ಎಷ್ಟು ಅಂತರ ಇರಬೇಕು? ಅದನ್ನು ತೀರ್ಮಾನಿಸುವುದು ಎದುರಾಳಿಯ ಕಾಲು. ದೊಡ್ಡವರ ಆಟದಲ್ಲಿ ಒಳ್ಳೆಯ ಕಿಕ್ 50 ಮೀಟರ್ ದಾಟುತ್ತದೆ. ನಮ್ಮ ಹುಡುಗರ ವಯಸ್ಸಿನಲ್ಲಿ ಅಷ್ಟು ದೂರ ಹೋಗುವುದಿಲ್ಲ, ಹಾಗಾಗಿ ಸಾಲುಗಳು ಇನ್ನೂ ಹತ್ತಿರ ಬರಬೇಕು. ಗಾಳಿ ಅವರ ಬೆನ್ನಿಗಿದ್ದರೆ ಮತ್ತೆ ಹತ್ತು ಹೆಜ್ಜೆ ಹಿಂದಕ್ಕೆ. ಆಟಕ್ಕೆ ಮುಂಚೆ ನಾನು ಮೊದಲು ನೋಡುವುದೇ ಬಾವುಟ ಯಾವ ಕಡೆ ಹಾರುತ್ತಿದೆ ಅಂತ.

ಜನ ಚಪ್ಪಾಳೆ ಹೊಡೆಯುವುದು ಮುಂದಿನ ಸಾಲಿನ ಟ್ಯಾಕಲ್‌ಗೆ. ಆದರೆ ನಾನು ಕಂಡಂತೆ ಪ್ರೆಸ್ ಒಡೆಯುವುದು ಹೆಚ್ಚಾಗಿ ಹಿಂದಿನ ಸಾಲಿನಲ್ಲಿ. ಮುಂದಿನವರು ಓಡುತ್ತಾರೆ, ನಡುವಿನವರೂ ಬರುತ್ತಾರೆ, ಎಲ್ಲರಿಗಿಂತ ಹಿಂದೆ ನಿಂತು ಗೋಲು ಕಾಯುವ ಫುಲ್-ಬ್ಯಾಕ್ ಮಾತ್ರ ಹೆದರಿ ನಮ್ಮ ಗೋಲಿನ ಹತ್ತಿರವೇ ಉಳಿಯುತ್ತಾನೆ. ಅವನ ಮುಂದೆ ದೊಡ್ಡ ಕಂಡಿ ಬೀಳುತ್ತದೆ. ಎದುರಾಳಿ ಅಲ್ಲಿಗೆ ಒಂದು ಕಿಕ್ ಹಾಕಿದರೆ ಸಾಕು, ಮುಂದಿನ ಹತ್ತು ಜನರ ಓಟವೆಲ್ಲ ನೀರಿನಲ್ಲಿ ಹೋಮ. ಕಬಡ್ಡಿ ಆಡಿದವರಿಗೆ ಇದು ಬೇಗ ಹೊಳೆಯುತ್ತದೆ. ಸರಪಳಿಯಲ್ಲಿ ಒಬ್ಬ ಕೈ ಬಿಟ್ಟರೆ ರೈಡರ್ ಆ ಸಂದಿಯಲ್ಲೇ ನುಗ್ಗುತ್ತಾನೆ, ಅಲ್ವಾ?

ಪ್ರೆಸ್ ಅನ್ನು ಈ ಆಟದ ಅತಿ ದೊಡ್ಡ ಲೀಗ್ ಆದ ಎಎಫ್‌ಎಲ್‌ನಲ್ಲಿ ತೋರಿಸಿಕೊಟ್ಟವರು ಆಗ ಹಾಥಾರ್ನ್ ತಂಡದ ಕೋಚ್ ಆಗಿದ್ದ ಅಲಸ್ಟೇರ್ ಕ್ಲಾರ್ಕ್ಸನ್. ಅವರ ತಂಡ ಆಳನ್ನು ಬಿಟ್ಟು ಜಾಗವನ್ನು ಕಾಯುತ್ತಾ, ಗುಂಪಾಗಿ ಚೆಂಡಿನ ಜೊತೆಗೇ ಸರಿಯುತ್ತಿತ್ತು. 2008ರ ಗ್ರ್ಯಾಂಡ್ ಫೈನಲ್‌ನಲ್ಲಿ ಅವರು ಜೀಲಾಂಗ್ ತಂಡವನ್ನು 115-89ರಿಂದ ಸೋಲಿಸಿದರು. ಎರಡು ವರ್ಷದ ನಂತರ ಮಿಕ್ ಮಾಲ್ಟ್‌ಹೌಸ್ ಅವರ ಕಾಲಿಂಗ್‌ವುಡ್ ಇದನ್ನು ಇನ್ನೂ ಮುಂದಕ್ಕೆ ತಳ್ಳಿತು. 2010ರ ಗ್ರ್ಯಾಂಡ್ ಫೈನಲ್ ಸೇಂಟ್ ಕಿಲ್ಡಾ ಜೊತೆ 68-68 ಸಮ ಆಯಿತು. ವಾರದ ನಂತರ ಮತ್ತೆ ಆಡಿದಾಗ ಕಾಲಿಂಗ್‌ವುಡ್ 56 ಅಂಕಗಳಿಂದ ಗೆದ್ದಿತು.

ಆದರೆ ನಾನು ಹುಡುಗರಿಗೆ ಜಾಸ್ತಿ ಹೇಳುವುದು 2011ರ ಕತೆ. ಆ ವರ್ಷ ಕಾಲಿಂಗ್‌ವುಡ್ ಸೋತಿದ್ದು ಮೂರೇ ಪಂದ್ಯ. ಮೂರೂ ಜೀಲಾಂಗ್ ಎದುರು, ಅದರಲ್ಲಿ ಒಂದು ಗ್ರ್ಯಾಂಡ್ ಫೈನಲ್, 38 ಅಂಕಗಳಿಂದ. ಜೀಲಾಂಗ್ ತೋರಿಸಿದ್ದು ಇದನ್ನೇ: ಪ್ರೆಸ್‌ಗೆ ನಿಜವಾದ ಮದ್ದು ವೇಗ. ಸಾಲುಗಳು ಕೂಡಿಕೊಳ್ಳುವ ಮೊದಲೇ ಚೆಂಡು ದಾಟಿಬಿಟ್ಟರೆ ಬಲೆಯೇ ಇರುವುದಿಲ್ಲ.

2017ರಲ್ಲಿ ರಿಚ್ಮಂಡ್ ಬೇರೆ ದಾರಿ ಹಿಡಿಯಿತು. ಮುಂದೆ ಎತ್ತರದ ಜಾಕ್ ರೀವೋಲ್ಟ್ ಒಬ್ಬರು, ಅವರ ಸುತ್ತ ಚುರುಕಾದ ಸಣ್ಣ ಆಳುಗಳು. ಎತ್ತರದ ಚೆಂಡನ್ನು ಹಿಡಿಯಲೇಬೇಕು ಅಂತಿಲ್ಲ. ನೆಲಕ್ಕೆ ಬಿದ್ದರೆ ಸಾಕು, ಆಮೇಲೆ ಡಿಫೆಂಡರ್‌ಗೆ ಉಸಿರಾಡಲು ಬಿಡುತ್ತಿರಲಿಲ್ಲ. ಆ ವರ್ಷ ಎಲ್ಲರಿಗಿಂತ ಜಾಸ್ತಿ ಅಂಕ ಹೊಡೆದಿದ್ದ ಅಡಿಲೇಡ್ ಫೈನಲ್‌ನಲ್ಲಿ 60ಕ್ಕೆ ನಿಂತಿತು. ರಿಚ್ಮಂಡ್‌ಗೆ 37 ವರ್ಷಗಳ ನಂತರ ಕಪ್ ಸಿಕ್ಕಿತು.

ಈಗ ಪ್ರೆಸ್ ಹಾಕುವುದು ಇನ್ನೂ ಕಷ್ಟ. 2010ರಲ್ಲಿ ಎಎಫ್‌ಎಲ್‌ನಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದಿತ್ತು. 2014ರಲ್ಲಿ ಪಂದ್ಯಕ್ಕೆ 120 ಬದಲಾವಣೆ ಎಂಬ ಮಿತಿ ಬಂತು, 2016ರಲ್ಲಿ 90, 2021ರಲ್ಲಿ 75. ಸುಸ್ತಾದ ಕಾಲು ಮೊದಲು ಕದಿಯುವುದೇ ಹಿಂದಿನ ಸಾಲು ಮುಂದಕ್ಕೆ ಇಡಬೇಕಾದ ಹೆಜ್ಜೆಗಳನ್ನು. ಅದೇ 2021ರಿಂದ, ಮಾರ್ಕ್ (ಕಿಕ್ ಹೊಡೆದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿಯುವುದು) ಹಿಡಿದವನ ಎದುರು ನಿಂತವನು ಪಕ್ಕಕ್ಕೆ ಅಲುಗಾಡುವಂತಿಲ್ಲ. ಕಿಕ್ ಹೊಡೆಯುವವನಿಗೆ ನಡುಮೈದಾನದ ಕಡೆ ಕೋನ ಸಲೀಸಾಗಿ ತೆರೆದುಕೊಳ್ಳುತ್ತದೆ. ಹಾಗಾಗಿ ಹಿಂದಿರುವ ಸಾಲುಗಳ ಕೆಲಸ ಹೆಚ್ಚಾಯಿತು.

ನಮ್ಮ ಅಭ್ಯಾಸದಲ್ಲಿ ನಾನು ಮಾಡಿಸುವುದು ತುಂಬಾ ಸರಳ. ಆಟ ನಡೆಯುತ್ತಿರುವಾಗ ಸೀಟಿ ಊದುತ್ತೇನೆ. ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಚೆಂಡು ನೋಡಬೇಡಿ, ಪಕ್ಕದವನು ಎಷ್ಟು ದೂರ ಇದ್ದಾನೆ ನೋಡಿ ಅನ್ನುತ್ತೇನೆ. ಮೊದಮೊದಲು ಹುಡುಗರಿಗೆ ಬೇಜಾರಾಗುತ್ತದೆ. ಎರಡು ಮೂರು ವಾರ ಕಳೆದರೆ ಸೀಟಿಗೆ ಮುಂಚೆಯೇ ಒಬ್ಬರನ್ನೊಬ್ಬರು ಕೂಗಿ ಕರೆಯಲು ಶುರು ಮಾಡುತ್ತಾರೆ. ಆ ಕೂಗು ಕೇಳಿದಾಗ ಆಗುವ ಖುಷಿ ಗೋಲು ನೋಡಿದಾಗಲೂ ಆಗುವುದಿಲ್ಲ.

ಮಂಗಳವಾರದ ಅಭ್ಯಾಸಕ್ಕೆ ಆ ಹುಡುಗನ ಅಪ್ಪನೂ ಬಂದಿದ್ದರು. ಪಕ್ಕದಲ್ಲಿ ನಿಲ್ಲಬೇಡಿ, ಗೋಲಿನ ಹಿಂದೆ ನಿಂತು ನೋಡಿ ಸರ್ ಎಂದೆ. ಸಾಲುಗಳು ಕಾಣುವುದು ಅಲ್ಲಿಂದಲೇ. ಕಾಲು ಗಂಟೆ ಸುಮ್ಮನೆ ನೋಡಿದರು. ನಾನು ಸೀಟಿ ಊದಿದೆ, ಎಲ್ಲರೂ ನಿಂತರು. ಅವರು ದೂರಕ್ಕೆ ಕೈ ತೋರಿಸಿ, "ಸರ್, ಆ ಕೊನೆಯಲ್ಲಿರೋ ಹುಡುಗ ಇನ್ನೂ ಮುಂದೆ ಬರಬೇಕಿತ್ತು ಅಲ್ವಾ?" ಎಂದರು. ಹೌದು, ಅದು ನಮ್ಮ ಫುಲ್-ಬ್ಯಾಕ್.